ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರು ಹಠಾತ್ತನೆ ತೀರಿಕೊಂಡಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಸಹೋದ್ಯೋಗಿಯ ಸಾವಿಗೆ ನಮಗೆ ಸೂತಕವಿಲ್ಲ, ಕರ್ಮಾಂತರದಲ್ಲಿ ಪಾಲಿಲ್ಲ, ಹೆಚ್ಚಿನ ಕಡೆ ಒಂದು ದಿನದ ರಜೆಯೂ ಇಲ್ಲ. ಮರುದಿನ ಅದೇ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಅವರ ಖಾಲಿ ಕುರ್ಚಿಯ ಪಕ್ಕದಲ್ಲೇ ಕೂತು ಕೆಲಸ ಮುಂದುವರಿಸಬೇಕಾಗುತ್ತದೆ. ಕರ್ನಾಟಕದ ಕಚೇರಿ, ಕಾರ್ಖಾನೆ, ಶಾಲೆ, ಆಸ್ಪತ್ರೆ, ಬಸ್ ಡಿಪೊಗಳಲ್ಲಿ ದುಡಿಯುವವರು ಇಂತಹ ಸಂದರ್ಭದಲ್ಲಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಮನಸ್ಸಿನ ವಿಚಾರಕ್ಕೆ ಎಷ್ಟು ಜಾಗ ಕೊಟ್ಟಿದೆಯೋ ಕಾಗದಪತ್ರದ ವಿಚಾರಕ್ಕೂ ಹೆಚ್ಚುಕಡಿಮೆ ಅಷ್ಟೇ ಜಾಗ ಕೊಟ್ಟಿದೆ. ತೀರಿಕೊಂಡವರ ಮನೆಯವರಿಗೆ ಸಹೋದ್ಯೋಗಿಗಳು ಮಾತ್ರ ಮಾಡಿಕೊಡಬಲ್ಲ ಕೆಲಸಗಳು ಹಲವಿವೆ ಎಂಬುದೇ ಇದಕ್ಕೆ ಕಾರಣ.

ಸುದ್ದಿ ತಿಳಿದ ಕೂಡಲೇ ಕೆಲಸದ ಸ್ಥಳದಲ್ಲಿ ಮೊದಲು ಏನು ಮಾಡಬೇಕು?

ಸುದ್ದಿ ನಿಜವೇ ಎಂಬುದನ್ನು ಮನೆಯವರಿಂದಲೋ ಅವರಿಗೆ ಹತ್ತಿರದ ಒಬ್ಬರಿಂದಲೋ ಖಚಿತಪಡಿಸಿಕೊಳ್ಳಬೇಕು. ಆಸ್ಪತ್ರೆಗೆ ಸೇರಿಸಿದ್ದಾರೆ ಎಂಬ ಮಾತು ಅರ್ಧ ಗಂಟೆಯೊಳಗೆ ‘ಹೋಗಿಬಿಟ್ಟರಂತೆ’ ಎಂದಾಗಿ, ವಾಟ್ಸ್‌ಆಪ್ ಗುಂಪಿನಲ್ಲಿ ಫೋಟೊ ಸಮೇತ ‘ಓಂ ಶಾಂತಿ’ ಸಂದೇಶಗಳು ತುಂಬಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ಊರಿನಲ್ಲಿರುವ ತಂದೆ ತಾಯಿಗೆ ಇನ್ನೂ ವಿಷಯ ತಿಳಿಸಿರುವುದಿಲ್ಲ. ಅಷ್ಟರಲ್ಲಿ ಅದೇ ಗುಂಪಿನಲ್ಲಿರುವ ಯಾರೋ ದೂರದ ಸಂಬಂಧಿಯಿಂದ ಅವರಿಗೆ ಕರೆ ಹೋಗಿರುತ್ತದೆ. ಆದ್ದರಿಂದ ಮನೆಯವರು ಒಪ್ಪುವವರೆಗೆ ಗುಂಪಿನಲ್ಲಿ ಏನನ್ನೂ ಹಾಕಬಾರದು.

ಖಚಿತವಾದ ಮೇಲೆ ಮೇಲಧಿಕಾರಿಯೊಬ್ಬರು ಎಲ್ಲರನ್ನೂ ಒಂದೆಡೆ ಸೇರಿಸಿ, ಸುತ್ತಿಬಳಸದೆ, ‘ತೀರಿಕೊಂಡಿದ್ದಾರೆ’ ಎಂದು ನೇರವಾಗಿ ತಿಳಿಸುವುದು ಒಳ್ಳೆಯದು. ಅವರ ಜೊತೆ ದಿನವೂ ಊಟಕ್ಕೆ ಕೂರುತ್ತಿದ್ದವರು, ಒಂದೇ ಗಾಡಿಯಲ್ಲಿ ಬರುತ್ತಿದ್ದವರು ಯಾರೆಂದು ಎಲ್ಲರಿಗೂ ಗೊತ್ತಿರುತ್ತದೆ. ಅಂಥವರಿಗೆ ಸಭೆಗೂ ಮುಂಚೆ ಪ್ರತ್ಯೇಕವಾಗಿ ಹೇಳಬೇಕು. ರಜೆಯಲ್ಲಿರುವವರು, ರಾತ್ರಿ ಪಾಳಿಯವರು, ಮನೆಯಿಂದ ಕೆಲಸ ಮಾಡುವವರು, ಹೊರಗುತ್ತಿಗೆಯ ಸಿಬ್ಬಂದಿ ಇವರನ್ನು ಮರೆಯುವುದು ಸಾಮಾನ್ಯ. ಬಾಗಿಲಲ್ಲಿ ಹತ್ತು ವರ್ಷ ನಮಸ್ಕಾರ ಹೇಳಿದ ಭದ್ರತಾ ಸಿಬ್ಬಂದಿಗೆ ಮೂರನೆಯ ದಿನ ಫ್ಲೆಕ್ಸ್ ನೋಡಿ ವಿಷಯ ತಿಳಿಯುವಂತಾಗಬಾರದು.

ಅವರು ನನ್ನ ಸಂಬಂಧಿಕರಲ್ಲ. ಆದರೂ ಇಷ್ಟೊಂದು ಸಂಕಟವಾಗುವುದು ಸಹಜವೇ?

ಸಹಜ. ವಾರದ ಐದಾರು ದಿನ, ದಿನಕ್ಕೆ ಎಂಟೊಂಬತ್ತು ಗಂಟೆ ಜೊತೆಗಿದ್ದವರು ಅವರು. ಒಡಹುಟ್ಟಿದವರ ಜೊತೆಗೂ ನಾವು ಅಷ್ಟು ಹೊತ್ತು ಕಳೆದಿರುವುದಿಲ್ಲ. ಅವರ ಮಗಳ ಪರೀಕ್ಷೆ, ಮನೆಸಾಲದ ಕಂತು, ಮಂಡಿನೋವು ಎಲ್ಲವೂ ನಮಗೆ ಗೊತ್ತಿರುತ್ತದೆ. ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಲ್ಲಿ, ಸಮಾಜ ಮಾನ್ಯ ಮಾಡದ ದುಃಖವೆಂಬ ಒಂದು ಬಗೆಯನ್ನು ಗುರುತಿಸಿದರು. ಅತ್ತರೆ ‘ನಿನಗೇನಾಗಬೇಕಿತ್ತು ಅವರು’ ಎಂದು ಕೇಳಿಸಿಕೊಳ್ಳಬೇಕಾದವರ ದುಃಖ ಅದು, ಸಹೋದ್ಯೋಗಿಗಳದ್ದೂ ಅದೇ ಸಾಲಿಗೆ ಸೇರುತ್ತದೆ. ಗಂಡಸು ಹೆಂಗಸಿನ ನಡುವೆ ಬರಿಯ ಸ್ನೇಹವಿದ್ದ ಕಡೆ ಇದು ಇನ್ನೂ ಕಷ್ಟ, ಏಕೆಂದರೆ ಅಳುವುದನ್ನೂ ಲೆಕ್ಕ ಹಾಕಿ ಅಳಬೇಕಾಗುತ್ತದೆ. ಅಂಥವರು ಹಿಂಜರಿಯುತ್ತಿರುವುದು ಕಂಡರೆ, ಜೊತೆಯವರೇ ಕರೆದು ಕೂರಿಸಿಕೊಂಡು ಮಾತನಾಡಿಸಬೇಕು.

ನನಗೆ ಅಳುವೇ ಬರುತ್ತಿಲ್ಲ. ಏನಾದರೂ ತೊಂದರೆಯೇ?

ಇಲ್ಲ. ಹಠಾತ್ ಸಾವಿನಲ್ಲಿ ಮೊದಲ ಕೆಲವು ದಿನ ಮನಸ್ಸು ಮರಗಟ್ಟಿದಂತಿರುವುದು ತೀರಾ ಸಾಮಾನ್ಯ. ಕೆಲವರಿಗೆ ಅಳು ಬರುವುದು ತಿಂಗಳ ಮೇಲೆ, ಸಂಬಂಧವೇ ಇಲ್ಲದ ಯಾವುದೋ ಗಳಿಗೆಯಲ್ಲಿ. ಕೆಲವರಿಗೆ ಬರುವುದೇ ಇಲ್ಲ.

ನಮ್ಮಿಬ್ಬರಿಗೂ ಆಗುತ್ತಿರಲಿಲ್ಲ. ಈಗ ತಪ್ಪಿತಸ್ಥ ಭಾವ ಕಾಡುತ್ತಿದೆ.

ಎಲ್ಲರೂ ಅವರನ್ನು ಹೊಗಳುತ್ತಿರುವ ಹೊತ್ತಿನಲ್ಲಿ, ಹೋದ ವಾರವಷ್ಟೇ ಅವರೊಡನೆ ಜಗಳವಾಡಿದ ಒಬ್ಬರು ಬಾಯಿಗೆ ಬೀಗ ಹಾಕಿಕೊಂಡು ಕೂತಿರುತ್ತಾರೆ. ಅವರ ಪಾಡು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದೇ ಸೂರಿನಡಿ ಕೆಲಸ ಮಾಡುವವರಲ್ಲಿ ಪಾಳಿಗಾಗಿ, ಬಡ್ತಿಗಾಗಿ, ಒಂದು ಕಡತಕ್ಕಾಗಿ ಮನಸ್ತಾಪ ಬರುವುದು ಲೋಕರೂಢಿ. ಅವರು ಬದುಕಿದ್ದರೆ ಅದು ತಾನಾಗಿಯೇ ಕರಗುತ್ತಿತ್ತು, ಅಥವಾ ಹಾಗೆಯೇ ಉಳಿಯುತ್ತಿತ್ತು. ಎರಡರಿಂದಲೂ ಅವರ ಸಾವಿಗೆ ನೀವು ಕಾರಣರಾಗುವುದಿಲ್ಲ. ಇಲ್ಲದ ಆಪ್ತತೆಯನ್ನು ಸಭೆಯಲ್ಲಿ ಮಾತಾಗಿ ಆಡುವ ಅಗತ್ಯವಿಲ್ಲ. ನಂಬಿಕೆಯ ಒಬ್ಬರ ಬಳಿ ಇದ್ದದ್ದನ್ನು ಇದ್ದ ಹಾಗೆ ಹೇಳಿಕೊಳ್ಳುವುದು ಸಾಕಾಗುತ್ತದೆ.

ಅಂತ್ಯಕ್ರಿಯೆಗೆ ಹೋಗಬೇಕೇ? ಬೇರೆ ಸಮುದಾಯದವರಾದರೆ ಹೇಗೆ ನಡೆದುಕೊಳ್ಳಬೇಕು?

ಸಾಧ್ಯವಿದ್ದರೆ ಹೋಗಿ. ಹಠಾತ್ ಸಾವನ್ನು ಮನಸ್ಸು ಒಪ್ಪಿಕೊಳ್ಳುವುದಿಲ್ಲ. ಮುಖ ನೋಡಿ ಬಂದವರಿಗೆ ಆ ಒಪ್ಪಿಗೆ ಸ್ವಲ್ಪ ಬೇಗ ಬರುತ್ತದೆ. ಹಾಗೆಂದು ನೋಡಲಾರೆನೆನ್ನುವವರನ್ನು ಬಲವಂತ ಮಾಡಬಾರದು. ಅಪಘಾತದಲ್ಲಿ ತೀರಿಕೊಂಡಿದ್ದರಂತೂ ಒತ್ತಾಯಿಸಲೇಬಾರದು.

ಸಮಯದ ವಿಚಾರವನ್ನು ಮೊದಲೇ ಕೇಳಿ ತಿಳಿಯಬೇಕು. ಮುಸ್ಲಿಂ ಕುಟುಂಬಗಳಲ್ಲಿ ಜನಾಜಾ ನಮಾಜ್ ಮತ್ತು ದಫನ ಸಾಮಾನ್ಯವಾಗಿ ಅದೇ ದಿನ ಮುಗಿಯುತ್ತದೆ, ಸಂಜೆ ಹೋಗೋಣವೆಂದು ಕೂತರೆ ತಪ್ಪಿಹೋಗುತ್ತದೆ. ಲಿಂಗಾಯತರಲ್ಲಿ ಕ್ರಿಯಾಸಮಾಧಿ ಬಹುಮಟ್ಟಿಗೆ ಸ್ವಂತ ಊರಿನ ರುದ್ರಭೂಮಿಯಲ್ಲೋ ಹೊಲದಲ್ಲೋ ಆಗುವುದರಿಂದ, ಬೆಂಗಳೂರಿನಲ್ಲಿ ತೀರಿಕೊಂಡವರನ್ನು ಹಾವೇರಿಗೋ ವಿಜಯಪುರಕ್ಕೋ ಕರೆದೊಯ್ಯುವ ಆಂಬುಲೆನ್ಸಿನ ಹಿಂದೆಯೇ ಹೊರಡಬೇಕಾಗಬಹುದು. ಕ್ರೈಸ್ತರಲ್ಲಿ ಹೊರ ಊರಿನ ಮಕ್ಕಳು ಬರುವವರೆಗೆ ಒಂದೆರಡು ದಿನ ಕಾದು, ಚರ್ಚಿನಲ್ಲಿ ಪೂಜೆಯಾದ ಮೇಲೆ ಸಮಾಧಿ ಮಾಡುವುದುಂಟು. ಹೆಂಗಸರು ಸ್ಮಶಾನದವರೆಗೆ ಬರುವುದು ಕೆಲವು ಮನೆಗಳಲ್ಲಿ ರೂಢಿಯಲ್ಲಿಲ್ಲ. ಮಹಿಳಾ ಸಹೋದ್ಯೋಗಿಗಳು ಮನೆಯ ಬಳಿ ದರ್ಶನ ಪಡೆಯಲು ಹೊರಡುವ ಮುಂಚೆ ಸಮಯ ಕೊಡಿ ಎಂದು ಮನೆಯವರನ್ನು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಮಣ್ಣಿಗೆ ಹೋಗಲಾಗದವರು ಹನ್ನೊಂದನೆಯ ಅಥವಾ ಹದಿಮೂರನೆಯ ದಿನದ ಕಾರ್ಯಕ್ಕೋ, ಕರಾವಳಿಯಲ್ಲಾದರೆ ಉತ್ತರಕ್ರಿಯೆಗೋ ಹೋಗಬಹುದು. ಲಿಂಗಾಯತ ಮನೆಯಲ್ಲಿ ಶಿವಗಣಾರಾಧನೆಗೆ ಹೋಗಬಹುದು. ನನ್ನ ಅಭಿಪ್ರಾಯದಲ್ಲಿ ಮೊದಲ ದಿನ ಕಚೇರಿಯಿಂದ ಐವತ್ತು ಜನ ಒಮ್ಮೆಗೇ ಹೋಗಿ ಬರುವುದಕ್ಕಿಂತ, ಎರಡನೆಯ ವಾರದಲ್ಲಿ, ನೆಂಟರೆಲ್ಲ ಹಿಂದಿರುಗಿದ ಮೇಲೆ, ಇಬ್ಬರು ಹೋಗಿ ಮಾತನಾಡಿಸಿಕೊಂಡು ಬರುವುದು ಹೆಚ್ಚು ಉಪಯುಕ್ತ.

ಮನೆಯವರ ಎದುರು ಏನು ಮಾತನಾಡಬೇಕೆಂದೇ ತೋಚುವುದಿಲ್ಲ.

ಹೆಚ್ಚು ಮಾತು ಬೇಕಿಲ್ಲ. ‘ವಿಧಿಯಾಟ’, ‘ದೇವರು ಒಳ್ಳೆಯವರನ್ನೇ ಬೇಗ ಕರೆದುಕೊಳ್ಳುತ್ತಾನೆ’, ‘ಧೈರ್ಯ ತಂದುಕೊಳ್ಳಿ, ಮಕ್ಕಳ ಮುಖ ನೋಡಿ’ ಎಂಬ ಮಾತುಗಳನ್ನು ಅವರು ಆ ದಿನ ನೂರು ಜನರಿಂದ ಕೇಳಿರುತ್ತಾರೆ. ‘ಏನಾಯಿತು, ಹೇಗಾಯಿತು, ಎಷ್ಟು ಹೊತ್ತಿಗೆ’ ಎಂದು ಬಂದವರೆಲ್ಲ ಕೇಳುತ್ತ ಹೋದರೆ, ಅದೇ ಘೋರವನ್ನು ಅವರು ಅಷ್ಟು ಸಲ ಹೇಳಬೇಕಾಗುತ್ತದೆ.

ಸಹೋದ್ಯೋಗಿಗಳ ಬಳಿ ಮಾತ್ರ ಇರುವ ಒಂದು ವಸ್ತುವುಂಟು, ಅದು ಆ ವ್ಯಕ್ತಿ ಕೆಲಸದ ಜಾಗದಲ್ಲಿ ಹೇಗಿದ್ದರು ಎಂಬ ಚಿತ್ರ. ಹೆಂಡತಿ ಮಕ್ಕಳು ಅದನ್ನು ನೋಡಿರುವುದಿಲ್ಲ. ‘ಅಕ್ಕ, ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಲೆಡ್ಜರ್ ಬರೆಯುವುದನ್ನು ಅವರೇ ಕೂತು ಹೇಳಿಕೊಟ್ಟರು’, ‘ಅಮ್ಮ, ಮಗಳು ಪಿಯುಸಿ ಪಾಸಾದ ದಿನ ಇಡೀ ಸೆಕ್ಷನ್ನಿಗೆ ಸಿಹಿ ಹಂಚಿದ್ದರು’ ಎಂಬಂತಹ ಒಂದು ನಿಜವಾದ ನೆನಪು ಸಾಕು. ಜೊತೆಗೆ ‘ಏನಾದರೂ ಬೇಕಿದ್ದರೆ ಹೇಳಿ’ ಎಂದು ಹೇಳಿ ಎದ್ದು ಬರುವ ಬದಲು, ‘ಆಫೀಸಿನ ಕಾಗದಪತ್ರವೆಲ್ಲ ನಾನು ನೋಡಿಕೊಳ್ಳುತ್ತೇನೆ, ಸೋಮವಾರ ಫೋನ್ ಮಾಡುತ್ತೇನೆ’ ಎಂದು ಹೇಳಿ, ಸೋಮವಾರ ತಪ್ಪದೆ ಫೋನ್ ಮಾಡಬೇಕು. ಸಾವಿನ ಮನೆಯಿಂದ ಏಳುವಾಗ ‘ಹೋಗಿ ಬರುತ್ತೇನೆ’ ಎನ್ನದಿರುವ ರೂಢಿ ನಮ್ಮಲ್ಲಿ ಬಹಳ ಕಡೆ ಇನ್ನೂ ಇದೆ, ಹಿರಿಯರಿರುವ ಮನೆಯಲ್ಲಿ ಅದನ್ನು ಪಾಲಿಸುವುದು ಒಳ್ಳೆಯದು.

ದುಃಖಕ್ಕೆ ಐದು ಹಂತಗಳಿವೆ ಎನ್ನುತ್ತಾರೆ. ನಾನು ಯಾವ ಹಂತದಲ್ಲಿದ್ದೇನೆಂದು ತಿಳಿಯುವುದು ಹೇಗೆ?

ತಿಳಿಯುವ ಅಗತ್ಯವಿಲ್ಲ. ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಐದನ್ನು ಎಲಿಸಬೆತ್ ಕ್ಯೂಬ್ಲರ್ ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಬರೆದದ್ದು ಸ್ವತಃ ಸಾವಿನಂಚಿನಲ್ಲಿದ್ದ ರೋಗಿಗಳನ್ನು ಕುರಿತು. ಉಳಿದವರ ದುಃಖಕ್ಕೆ ಅದನ್ನು ಅನ್ವಯಿಸಿದ್ದು ಆಮೇಲೆ, ಮತ್ತು ಎಲ್ಲರೂ ಅದೇ ಸಾಲಿನಲ್ಲಿ ಹಾದುಹೋಗುತ್ತಾರೆ ಎಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಶುಟ್ ಎಂಬ ಸಂಶೋಧಕರು 1999ರಲ್ಲಿ ಮಂಡಿಸಿದ ವಿವರಣೆ ಕೆಲಸದ ಸ್ಥಳಕ್ಕೆ ಹೆಚ್ಚು ಹೊಂದುತ್ತದೆ: ದುಃಖದಲ್ಲಿರುವವರು ಒಮ್ಮೆ ನಷ್ಟದ ಕಡೆಗೆ, ಒಮ್ಮೆ ದಿನನಿತ್ಯದ ಬದುಕಿನ ಕಡೆಗೆ ಜೀಕುತ್ತಿರುತ್ತಾರೆ, ಮತ್ತು ಆ ಜೀಕುವಿಕೆಯೇ ಆರೋಗ್ಯದ ಲಕ್ಷಣ. ಬೆಳಿಗ್ಗೆ ಕಣ್ಣು ತುಂಬಿಕೊಂಡವರು ಮಧ್ಯಾಹ್ನ ಕ್ಯಾಂಟೀನಿನಲ್ಲಿ ನಕ್ಕರೆ, ಇವರಿಗೆ ದುಃಖವೇ ಇಲ್ಲ ಎಂದು ಪಕ್ಕದವರು ತೀರ್ಮಾನಿಸಬಾರದು.

ಅವರು ನಮ್ಮ ಕಣ್ಣೆದುರೇ ಕುಸಿದರು. ಇನ್ನೂ ಬೇಗ ಆಸ್ಪತ್ರೆಗೆ ಸೇರಿಸಬಹುದಿತ್ತು ಎನಿಸುತ್ತದೆ.

ಆ ಹತ್ತು ನಿಮಿಷಗಳನ್ನು ಮನಸ್ಸು ನೂರಾರು ಸಲ ಮತ್ತೆ ಓಡಿಸುತ್ತದೆ. ಲಿಫ್ಟಿಗಾಗಿ ಕಾದದ್ದು, 108ಕ್ಕೆ ಕರೆ ಮಾಡಿದ ನಂತರ ವಿಳಾಸ ಹೇಳಲು ತಡವರಿಸಿದ್ದು, ಯಾರ ಕಾರಿನ ಕೀಲಿ ಎಲ್ಲಿತ್ತು ಎಂಬುದೆಲ್ಲ ಆಪಾದನೆಗಳಂತೆ ಎದ್ದು ನಿಲ್ಲುತ್ತವೆ. ಆಸ್ಪತ್ರೆಯ ಹೊರಗೆ ಹೃದಯ ಸ್ತಂಭನವಾದವರಲ್ಲಿ, ಎಲ್ಲವೂ ಸರಿಯಾಗಿ ನಡೆದಾಗಲೂ, ಬದುಕುಳಿಯುವವರು ಕಡಿಮೆ ಎಂಬುದು ವೈದ್ಯರೆಲ್ಲ ಒಪ್ಪುವ ಸತ್ಯ. ಈಗ ತಿಳಿದಿರುವ ಫಲಿತಾಂಶ ಆಗ ನಿಮಗೆ ತಿಳಿದಿರಲಿಲ್ಲ.

ಕಣ್ಣಾರೆ ಕಂಡವರಿಗೆ ಕೆಲವು ದಿನ ನಿದ್ರೆ ಬಾರದಿರುವುದು, ಆ ದೃಶ್ಯ ಇದ್ದಕ್ಕಿದ್ದಂತೆ ಎದುರು ಬರುವುದು, ಆ ಜಾಗ ದಾಟುವಾಗ ಎದೆ ಬಡಿದುಕೊಳ್ಳುವುದು ಇರುತ್ತದೆ. ಬಹುತೇಕರಲ್ಲಿ ಇದು ವಾರಗಳು ಕಳೆದಂತೆ ಇಳಿಯುತ್ತದೆ. ಇಂಥವರನ್ನು ಒಂದೆಡೆ ಕೂರಿಸಿ, ಕಂಡದ್ದನ್ನೆಲ್ಲ ವಿವರವಾಗಿ ಹೇಳಿಸುವ ಒಂದೇ ಸಲದ ಕಡ್ಡಾಯ ‘ಕೌನ್ಸೆಲಿಂಗ್’ ಏರ್ಪಡಿಸುವುದು ಕೆಲವು ಕಂಪನಿಗಳಲ್ಲಿ ರೂಢಿಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡುವುದಿಲ್ಲ. ಅದು 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದು ಸರಳವಾದ ಮೂರು ಕೆಲಸಗಳನ್ನು: ಯಾರಿಗೆ ಕಷ್ಟವಾಗಿದೆಯೆಂದು ನೋಡುವುದು, ಅವರು ಹೇಳಿದರೆ ಕೇಳಿಸಿಕೊಳ್ಳುವುದು, ಬೇಕಾದ ನೆರವಿನ ಜೊತೆ ಸೇರಿಸುವುದು.

ಅವರದು ಹೃದಯಾಘಾತ. ಅಂದಿನಿಂದ ನನಗೂ ಎದೆ ಹಿಡಿದಂತಾಗುತ್ತಿದೆ.

ಇದು ನಿಮ್ಮೊಬ್ಬರ ಅನುಭವವಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಾಗ ರಾಜ್ಯದ ಆಸ್ಪತ್ರೆಗಳಲ್ಲಿ ಹೃದಯ ತಪಾಸಣೆಗೆ ಬರುವವರ ಸಂಖ್ಯೆ ಒಮ್ಮೆಲೇ ಏರಿತ್ತು. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನವೂ ಸುದ್ದಿಯಾಗುತ್ತಿದ್ದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ನಸುಕಿನಲ್ಲೇ ಸಾಲುಗಟ್ಟಿದ್ದರು. ಹತ್ತಿರದವರ ಸಾವು ದೇಹದ ಸಣ್ಣಪುಟ್ಟ ನೋವಿಗೂ ದೊಡ್ಡ ಅರ್ಥ ಕೊಡುತ್ತದೆ.

ಹಾಗೆಂದು ಅದನ್ನು ‘ಮನಸ್ಸಿನ ಭ್ರಮೆ’ ಎಂದು ತಳ್ಳಿಹಾಕಬಾರದು. ಒಮ್ಮೆ ವೈದ್ಯರನ್ನು ಕಂಡು ರಕ್ತದೊತ್ತಡ, ಸಕ್ಕರೆ, ಕೊಬ್ಬಿನಂಶ, ಇಸಿಜಿ ಪರೀಕ್ಷೆ ಮಾಡಿಸಿ, ಅವರು ಸರಿಯಿದೆ ಎಂದರೆ ಅಲ್ಲಿಗೆ ಬಿಡಬೇಕು, ವಾರಕ್ಕೊಂದು ಲ್ಯಾಬಿಗೆ ಅಲೆದರೆ ಭಯ ಬೆಳೆಯುತ್ತದೆಯೇ ಹೊರತು ಇಳಿಯುವುದಿಲ್ಲ. ಎದೆಯ ನಡುವೆ ಹಿಂಡಿದಂತಹ ನೋವು ತೋಳಿಗೋ ದವಡೆಗೋ ಹರಡಿ, ಬೆವರು, ಉಸಿರಾಟದ ಕಷ್ಟ ಜೊತೆಗೂಡಿದರೆ ಗ್ಯಾಸ್ಟ್ರಿಕ್ ಎಂದು ಕೂರದೆ ತಕ್ಷಣ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಪುನೀತ್ ಅವರ ಹೆಸರಿನ ಹೃದಯಜ್ಯೋತಿ ಯೋಜನೆಯಡಿ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿಯನ್ನು ತಜ್ಞರಿಗೆ ಕಳುಹಿಸಿ ನೋಡಿಸಿ, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ.

ಸಾವಿಗೆ ಆತ್ಮಹತ್ಯೆ ಕಾರಣವೆಂದು ತಿಳಿದಾಗ ಏನು ಮಾಡಬೇಕು?

ಇಂತಹ ಸಾವಿನ ಹಿಂದೆ ಒಂದೇ ಕಾರಣವಿರುವುದು ಅಪರೂಪ. ಸಾಲ, ಸಂಸಾರ, ಮೇಲಧಿಕಾರಿಯ ಬೈಗುಳ ಎಂದು ಕಚೇರಿಯ ಕಾರಿಡಾರಿನಲ್ಲಿ ತೀರ್ಪು ಕೊಡುತ್ತ ಹೋದರೆ, ಅದು ಮೊದಲು ಸುಡುವುದು ಅವರ ಮನೆಯವರನ್ನು. ಹೇಗೆ ಮಾಡಿಕೊಂಡರು ಎಂಬ ವಿವರ, ಪತ್ರ, ಫೋಟೊ ಯಾವುದನ್ನೂ ಹಂಚಬಾರದು. ಈಗಾಗಲೇ ಮನಸ್ಸು ಕುಗ್ಗಿರುವ ಇನ್ನೊಬ್ಬರಿಗೆ ಅಂಥ ವಿವರಗಳು ಅಪಾಯ ತರಬಲ್ಲವು. ಪೊಲೀಸರು ಅಸಹಜ ಸಾವಿನ ಪ್ರಕರಣ ದಾಖಲಿಸಿಕೊಂಡು ಸಹೋದ್ಯೋಗಿಗಳ ಹೇಳಿಕೆ ಕೇಳುವುದು ಮಾಮೂಲು ಕ್ರಮ. ನೀವು ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಹೇಳಿ. ಕೆಲಸದ ಜಾಗದ ಕಿರುಕುಳ ನಿಮ್ಮ ಕಣ್ಣಿಗೆ ಬಿದ್ದಿದ್ದರೆ ಅದನ್ನು ಮುಚ್ಚಿಡುವಂತೆ ಯಾರು ಒತ್ತಡ ಹೇರಿದರೂ ಒಪ್ಪಬೇಕಾಗಿಲ್ಲ.

‘ನನಗೆ ಗೊತ್ತಾಗಬೇಕಿತ್ತು’ ಎಂಬ ಕೊರಗು ಪಕ್ಕದಲ್ಲಿ ಕೂರುತ್ತಿದ್ದವರನ್ನು ಬಹಳ ಕಾಲ ಹಿಡಿದಿಡುತ್ತದೆ. ಒಳಗಿನ ನೋವನ್ನು ಮನೆಯವರಿಂದಲೇ ಮರೆಮಾಚಿದವರು ಸಹೋದ್ಯೋಗಿಯಿಂದ ಮರೆಮಾಚುವುದು ಕಷ್ಟವೇನಲ್ಲ. ಇನ್ನು ಜೊತೆಯಲ್ಲಿರುವವರ ಪೈಕಿ ಯಾರಾದರೂ ‘ನಾನೂ ಇದ್ದು ಏನು ಪ್ರಯೋಜನ’ ಎಂಬ ಧಾಟಿಯಲ್ಲಿ ಮಾತನಾಡಿದರೆ, ‘ಸಾಯುವ ಯೋಚನೆ ಬರುತ್ತಿದೆಯೇ’ ಎಂದು ನೇರವಾಗಿ ಕೇಳಿ. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ, ಅವರ ಮನೆಯವರಿಗೆ ತಿಳಿಸಿ, ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಅಪಾಯ ತಕ್ಷಣದ್ದಾದರೆ 112ಕ್ಕೆ ಕರೆ ಮಾಡಿ ಅಥವಾ ಆಸ್ಪತ್ರೆಗೆ ಕರೆದೊಯ್ಯಿರಿ.

ಕಾರ್ಖಾನೆಯಲ್ಲಿ ಅಪಘಾತವಾಗಿ ತೀರಿಕೊಂಡರು. ಮರುದಿನವೇ ಅದೇ ಯಂತ್ರದ ಮೇಲೆ ಕೆಲಸ ಮಾಡು ಎನ್ನುತ್ತಾರೆ.

ಅಂತಹ ಅಪಘಾತವನ್ನು ಮಾಲೀಕರು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆಗೆ ತಿಳಿಸಲೇಬೇಕು. ಕಾರಣ ಗೊತ್ತಾಗಿ ಸರಿಪಡಿಸುವವರೆಗೆ ಆ ಯಂತ್ರವನ್ನು ನಿಲ್ಲಿಸಿ ಎಂದು ಕೇಳುವುದು ಹಟಮಾರಿತನವಲ್ಲ, ಕಾರ್ಮಿಕರೆಲ್ಲ ಸೇರಿ ಬರವಣಿಗೆಯಲ್ಲಿ ಕೇಳಿದರೆ ಇನ್ನೂ ಒಳ್ಳೆಯದು. ‘ತೀರಿಕೊಂಡವರದೇ ಅಜಾಗರೂಕತೆ’ ಎಂಬ ಹೇಳಿಕೆ ಬರೆದು ತಂದು ಸಹಿ ಕೇಳುವುದುಂಟು. ಓದದೆ, ಒಪ್ಪದೆ ಸಹಿ ಹಾಕಬೇಡಿ. ನಿಮ್ಮ ಆ ಒಂದು ಸಹಿ ಅವರ ಕುಟುಂಬದ ಪರಿಹಾರದ ಮೇಲೆ ಪರಿಣಾಮ ಬೀರಬಹುದು.

ಮೇಲಧಿಕಾರಿಯಾಗಿ ನನ್ನ ತಂಡವನ್ನು ಹೇಗೆ ನಡೆಸಬೇಕು?

ಎರಡು ನಿಮಿಷ ಮೌನಾಚರಣೆ ಮಾಡಿ ಎಲ್ಲರನ್ನೂ ಸೀಟಿಗೆ ಕಳುಹಿಸುವುದರಿಂದ ಕರ್ತವ್ಯ ಮುಗಿಯುವುದಿಲ್ಲ. ಸಹೋದ್ಯೋಗಿ ತೀರಿಕೊಂಡರೆ ರಜೆ ಕೊಡಬೇಕೆಂಬ ಕಾನೂನು ಇಲ್ಲವಾದ್ದರಿಂದ ಅಂತ್ಯಕ್ರಿಯೆಗೆ ಹೋಗುವವರ ಸಾಂದರ್ಭಿಕ ರಜೆಯನ್ನು ಕತ್ತರಿಸಬೇಕೇ ಬೇಡವೇ ಎಂಬ ತೀರ್ಮಾನ ನಿಮ್ಮ ಕೈಯಲ್ಲಿರುತ್ತದೆ. ಜನ ವರ್ಷಗಟ್ಟಲೆ ನೆನಪಿಟ್ಟುಕೊಳ್ಳುವುದು ಇಂತಹ ಸಣ್ಣ ತೀರ್ಮಾನಗಳನ್ನು. ತೀರಿಕೊಂಡವರ ಕೆಲಸವನ್ನು ಅವರ ಆಪ್ತ ಸ್ನೇಹಿತನ ಮೇಜಿಗೆ ಹಾಕುವುದು ಸುಲಭ, ಏಕೆಂದರೆ ಆ ಕೆಲಸ ಅವನಿಗೇ ಗೊತ್ತಿರುತ್ತದೆ. ಆದರೆ ಕನಿಷ್ಠ ಮೊದಲೆರಡು ವಾರ ಅದನ್ನು ಹಂಚಿ ಹಾಕಿ. ಮೊದಲ ತಿಂಗಳು ಎಲ್ಲರ ಕೆಲಸದಲ್ಲೂ ತಪ್ಪುಗಳು ಹೆಚ್ಚುತ್ತವೆ. ಬಸ್ ಚಾಲಕರು, ದಾದಿಯರು, ಲೈನ್‌ಮನ್‌ಗಳು, ಕ್ರೇನ್ ನಡೆಸುವವರು ಮುಂತಾಗಿ ತಪ್ಪಿದರೆ ಜೀವಕ್ಕೇ ಅಪಾಯವಾಗುವ ಕೆಲಸದವರಿಗೆ ಪಾಳಿ ಬದಲಿಸಿಕೊಡುವುದು ಸುರಕ್ಷತೆಯ ಪ್ರಶ್ನೆ. ಶಾಲೆಯಾದರೆ, ಮಕ್ಕಳಿಗೆ ಮೇಷ್ಟ್ರು ‘ಊರಿಗೆ ಹೋಗಿದ್ದಾರೆ’ ಎಂಬ ಸುಳ್ಳು ಹೇಳಬಾರದು. ಅವರಿಗೆ ಸಂಜೆಯೊಳಗೆ ಮನೆಯಲ್ಲಿ ನಿಜ ತಿಳಿದಿರುತ್ತದೆ.

ಅವರ ಮೇಜು, ಫೋನು, ಗುಂಪಿನಲ್ಲಿರುವ ಸಂಖ್ಯೆ ಇವನ್ನೆಲ್ಲ ಏನು ಮಾಡಬೇಕು?

ಅವಸರ ಬೇಡ, ಹಾಗೆಂದು ಆರು ತಿಂಗಳು ಹಾಗೆಯೇ ಬಿಡುವುದೂ ಬೇಡ. ಹದಿಮೂರು ದಿನ ಕಳೆದ ಮೇಲೆ ಇಬ್ಬರು ಸೇರಿ ಮೇಜಿನ ಖಾನೆ ತೆರೆದು, ಪಟ್ಟಿ ಮಾಡಿ, ಕಚೇರಿಯದನ್ನು ಕಚೇರಿಗೆ, ಸ್ವಂತದ್ದನ್ನು ಮನೆಯವರಿಗೆ ತಲುಪಿಸಬೇಕು. ಖಾಸಗಿ ಪತ್ರವೋ ಮಾತ್ರೆಯ ಡಬ್ಬಿಯೋ ಸಿಕ್ಕರೆ ಅದು ಊಟದ ಹೊತ್ತಿನ ಮಾತಾಗಬಾರದು. ಅವರ ಪಾಸ್‌ವರ್ಡ್ ಗೊತ್ತಿದೆಯೆಂದು ಲಾಗಿನ್ ಮಾಡುವುದು, ಯುಪಿಐ ತೆರೆಯುವುದು ಕಾನೂನಿನ ತೊಡಕು ತರುತ್ತದೆ. ಅವರ ಸಿಮ್ ಕಾರ್ಡ್ ರದ್ದು ಮಾಡಿಸುವ ಮುಂಚೆ ಮನೆಯವರು ಯೋಚಿಸಬೇಕೆಂದು ತಿಳಿಸಿ, ಏಕೆಂದರೆ ಬ್ಯಾಂಕ್, ವಿಮೆಗಳ ಒಟಿಪಿ ಬಹಳ ಕಾಲ ಅದೇ ಸಂಖ್ಯೆಗೆ ಬರುತ್ತಿರುತ್ತದೆ.

ಕುಟುಂಬಕ್ಕೆ ಹಣ ಸಂಗ್ರಹಿಸುತ್ತಿದ್ದೇವೆ. ಗಮನಿಸಬೇಕಾದದ್ದೇನು?

ಒಂದು ದಿನದ ಸಂಬಳ ಕೊಡುವ ಪದ್ಧತಿ ಹಲವೆಡೆ ಇದೆ, ಆದರೆ ಒಪ್ಪಿಗೆ ಪಡೆಯದೆ ಸಂಬಳದಿಂದ ಹಿಡಿಯಬಾರದು. ಯಾರು ಎಷ್ಟು ಕೊಟ್ಟರೆಂಬ ಪಟ್ಟಿಯನ್ನು ಗುಂಪಿನಲ್ಲಿ ಹಾಕುವುದು ಕಡಿಮೆ ಸಂಬಳದವರನ್ನು ಮುಜುಗರಕ್ಕೆ ಸಿಲುಕಿಸುತ್ತದೆ. ಹಣವನ್ನು ಹೆಂಡತಿ ಅಥವಾ ಗಂಡನ ಸ್ವಂತ ಖಾತೆಗೆ ನೇರವಾಗಿ ಹಾಕಿ. ಮನೆಯ ಹಿರಿಯರ ಕೈಗೆ ನಗದಾಗಿ ಕೊಟ್ಟದ್ದು ಎಲ್ಲ ಸಲವೂ ತಲುಪಬೇಕಾದವರನ್ನು ತಲುಪುವುದಿಲ್ಲ.

ಕುಟುಂಬಕ್ಕೆ ಕಾನೂನಿನ ಪ್ರಕಾರ ಏನೇನು ಸಿಗಬೇಕು?

ಸಂಗ್ರಹಿಸಿದ ಹಣಕ್ಕಿಂತ ಎಷ್ಟೋ ಪಟ್ಟು ದೊಡ್ಡ ಮೊತ್ತ ಇಲ್ಲಿರುತ್ತದೆ, ಮತ್ತು ಗೊತ್ತಿಲ್ಲದ ಕಾರಣಕ್ಕೆ ಕೈತಪ್ಪುವುದೂ ಇದೇ. ಮೊದಲಿಗೆ ಮರಣ ಪ್ರಮಾಣಪತ್ರ: ಸಾವನ್ನು 21 ದಿನಗಳೊಳಗೆ ನೋಂದಾಯಿಸಬೇಕು, ಹತ್ತಾರು ಪ್ರತಿಗಳನ್ನು ಒಮ್ಮೆಗೇ ಪಡೆದರೆ ಮತ್ತೆ ಮತ್ತೆ ಅಲೆಯುವುದು ತಪ್ಪುತ್ತದೆ. ಅದರಲ್ಲಿನ ಹೆಸರು ಆಧಾರ್ ಮತ್ತು ಸೇವಾ ದಾಖಲೆಯಲ್ಲಿರುವಂತೆಯೇ ಇದೆಯೇ ಎಂದು ಅಲ್ಲಿಯೇ ನೋಡಬೇಕು. ಇನಿಷಿಯಲ್ ಒಂದರ ವ್ಯತ್ಯಾಸ ಕಡತವನ್ನು ತಿಂಗಳುಗಟ್ಟಲೆ ನಿಲ್ಲಿಸಬಲ್ಲದು.

ಭವಿಷ್ಯನಿಧಿಯ ಸದಸ್ಯರಾಗಿದ್ದವರ ಕುಟುಂಬಕ್ಕೆ ಮೂರು ಬೇರೆಬೇರೆ ಸೌಲಭ್ಯಗಳಿವೆ. ಮೊದಲನೆಯದು ಖಾತೆಯಲ್ಲಿರುವ ಪಿಎಫ್ ಹಣ. ಎರಡನೆಯದು ಠೇವಣಿಗೆ ಹೊಂದಿಕೊಂಡ ಇಡಿಎಲ್‌ಐ ವಿಮೆ. ಇದರಲ್ಲಿ ಗರಿಷ್ಠ 7 ಲಕ್ಷ ರೂಪಾಯಿಯವರೆಗೆ ಸಿಗುತ್ತದೆ, ನೌಕರರು ಇದಕ್ಕೆ ಸಂಬಳದಿಂದ ಏನನ್ನೂ ಕಟ್ಟಿರುವುದಿಲ್ಲವಾದ್ದರಿಂದ ಬಹಳ ಜನರಿಗೆ ಇದು ಇದೆಯೆಂದೇ ತಿಳಿದಿರುವುದಿಲ್ಲ. ಮೂರನೆಯದು 1995ರ ಪಿಂಚಣಿ ಯೋಜನೆಯಡಿ ಕುಟುಂಬ ಪಿಂಚಣಿ. ಸೇವೆಯಲ್ಲಿರುವಾಗ ತೀರಿಕೊಂಡರೆ ಒಂದೇ ತಿಂಗಳ ವಂತಿಗೆ ಕಟ್ಟಿದ್ದರೂ ಸಾಕು. ಪತಿ ಅಥವಾ ಪತ್ನಿಯ ಜೊತೆಗೆ 25 ವರ್ಷದವರೆಗಿನ ಇಬ್ಬರು ಮಕ್ಕಳಿಗೂ ಅದು ಸಲ್ಲುತ್ತದೆ. ಈ ಮೂರನ್ನೂ ಮರಣ ಪ್ರಕರಣಗಳ ಒಂದೇ ಸಂಯುಕ್ತ ಅರ್ಜಿಯಲ್ಲಿ ಕೇಳಬಹುದು.

ಗ್ರಾಚ್ಯುಟಿಗೆ ಐದು ವರ್ಷದ ಸೇವೆ ಬೇಕೆಂಬ ಷರತ್ತು ಸಾವಿನ ಸಂದರ್ಭದಲ್ಲಿ ಅನ್ವಯಿಸುವುದಿಲ್ಲ. ಎರಡೇ ವರ್ಷ ದುಡಿದವರ ಮನೆಯವರಿಗೆ ‘ನಿಮಗೆ ಬರುವುದಿಲ್ಲ’ ಎಂದು ಲೆಕ್ಕಪತ್ರ ವಿಭಾಗ ಹೇಳಿದರೆ ಅದು ತಪ್ಪು. ಕಾರ್ಮಿಕರ ರಾಜ್ಯ ವಿಮೆಯ, ಅಂದರೆ ಇಎಸ್‌ಐ ವ್ಯಾಪ್ತಿಯವರಾದರೆ ಅಂತ್ಯಸಂಸ್ಕಾರದ ವೆಚ್ಚವಾಗಿ 15,000 ರೂಪಾಯಿಯವರೆಗೆ ದೊರೆಯುತ್ತದೆ. ಕೆಲಸದ ನಿಮಿತ್ತದ ಅಪಘಾತದಲ್ಲಿ ತೀರಿಕೊಂಡಿದ್ದರೆ ಅವಲಂಬಿತರಿಗೆ ವೇತನದ ಶೇ 90ರ ದರದಲ್ಲಿ ಮಾಸಿಕ ಸೌಲಭ್ಯವಿದೆ. ಇಎಸ್‌ಐ ಇಲ್ಲದವರಿಗೆ ಅಂತಹ ಅಪಘಾತಕ್ಕೆ ಮಾಲೀಕರೇ ಪರಿಹಾರ ಕೊಡಬೇಕು. ಸಂಬಳದ ಖಾತೆಯ ಜೊತೆಗೆ ಬ್ಯಾಂಕು ಕೊಟ್ಟಿರುವ ಅಪಘಾತ ವಿಮೆ, ವರ್ಷಕ್ಕೆ 436 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆಯ 2 ಲಕ್ಷ ರೂಪಾಯಿ ಇವೆಯೇ ಎಂದು ಪಾಸ್‌ಬುಕ್ ನೋಡಿ ಕಂಡುಕೊಳ್ಳಬೇಕು. ರಾಜ್ಯ ಸರ್ಕಾರಿ ನೌಕರರಾದರೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ (ಕೆಜಿಐಡಿ) ಪಾಲಿಸಿ, ಗುಂಪು ವಿಮೆ, ಗಳಿಕೆ ರಜೆಯ ನಗದೀಕರಣ ಇವುಗಳ ಜೊತೆಗೆ ಅನುಕಂಪದ ಆಧಾರದ ನೇಮಕಾತಿ ಇದೆ.

ಈ ಕಾಗದಗಳ ಬೆನ್ನು ಹತ್ತಲು ಕಚೇರಿಯಿಂದ ಒಬ್ಬರನ್ನು ಹೆಸರಿಸಿ ನೇಮಿಸಬೇಕು. ‘ಎಲ್ಲರೂ ನೋಡಿಕೊಳ್ಳುತ್ತೇವೆ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ.

ಅವರ ಸಹಕಾರ ಸಂಘದ ಸಾಲಕ್ಕೆ ನಾನು ಜಾಮೀನು ಹಾಕಿದ್ದೆ. ದುಃಖದ ನಡುವೆ ಇದನ್ನು ಕೇಳಲು ನಾಚಿಕೆಯಾಗುತ್ತದೆ.

ನಾಚಿಕೆ ಬೇಡ. ನೌಕರರ ಪತ್ತಿನ ಸಂಘಗಳಲ್ಲಿ ಒಬ್ಬರಿಗೊಬ್ಬರು ಜಾಮೀನಾಗುವುದು ನಮ್ಮ ಕಚೇರಿಗಳ ಬದುಕಿನ ಭಾಗವೇ ಆಗಿದೆ. ಸಾಲಗಾರ ತೀರಿಕೊಂಡ ಮಾತ್ರಕ್ಕೆ ಜಾಮೀನುದಾರನ ಹೊಣೆ ತಾನಾಗಿಯೇ ಮುಗಿಯುವುದಿಲ್ಲ. ಸಂಘಕ್ಕೆ ಬರವಣಿಗೆಯಲ್ಲಿ ವಿಷಯ ತಿಳಿಸಿ, ಸಾಲಕ್ಕೆ ವಿಮೆಯಿತ್ತೇ, ಸಂಘದಲ್ಲಿ ಮರಣ ನಿಧಿಯಿದೆಯೇ, ಅವರ ಷೇರು ಮತ್ತು ಠೇವಣಿಗಳನ್ನು ಹೊಂದಿಸಿದ ಮೇಲೆ ಬಾಕಿ ಎಷ್ಟೆಂದು ಕೇಳಿ. ಮನೆಯವರ ಬಳಿ ಈ ಮಾತನ್ನು ತಿಥಿ ಮುಗಿಯುವ ಮುಂಚೆ ಎತ್ತುವುದು ಸರಿಯಲ್ಲ. ಕೈಗಡ ಕೊಟ್ಟಿದ್ದರೆ, ಮೊತ್ತ ಚಿಕ್ಕದಾದರೆ ಬಿಟ್ಟುಬಿಡುವುದೇ ಲೇಸು, ದೊಡ್ಡದಾದರೆ ಹಣ ಬಂದ ಮೇಲೆ ದಾಖಲೆಯೊಂದಿಗೆ ಮೆತ್ತಗೆ ತಿಳಿಸಿ. ಸಹೋದ್ಯೋಗಿಗಳ ನಡುವಿನ ಚೀಟಿಯಲ್ಲಿ ಅವರು ಕಟ್ಟಿದ ಕಂತುಗಳಿದ್ದರೆ ಆ ಹಣ ಅವರ ಮನೆಯವರದ್ದು, ಕೇಳುವವರೆಗೆ ಕಾಯದೆ ತಲುಪಿಸಬೇಕು.

ಅವರ ಜಾಗಕ್ಕೆ ಹೊಸಬರು ಬಂದಿದ್ದಾರೆ. ನೋಡಿದರೆ ಸಿಟ್ಟು ಬರುತ್ತದೆ.

ಸಿಟ್ಟು ಬರುವುದು ಸಹಜ, ಅದನ್ನು ತೋರಿಸುವುದು ಅನ್ಯಾಯ. ಆ ಕುರ್ಚಿಯ ಹಿನ್ನೆಲೆ ಹೊಸಬರಿಗೆ ಗೊತ್ತಿರಬೇಕು. ಯಾರಾದರೊಬ್ಬರು ಮೊದಲ ದಿನವೇ ಎರಡು ಮಾತಿನಲ್ಲಿ ತಿಳಿಸಿದರೆ, ಎಲ್ಲರೂ ತನ್ನನ್ನು ಕಂಡು ಏಕೆ ಮೌನವಾಗುತ್ತಾರೆ ಎಂದು ಅವರು ಕಂಗಾಲಾಗುವುದು ತಪ್ಪುತ್ತದೆ. ಸಾಧ್ಯವಿರುವ ಕಡೆ ಕೂರುವ ಜಾಗಗಳನ್ನು ಸ್ವಲ್ಪ ಅದಲುಬದಲು ಮಾಡುವುದೂ ನೆರವಾಗುತ್ತದೆ.

ಯಾವಾಗ ವೈದ್ಯರ ಅಥವಾ ಆಪ್ತಸಮಾಲೋಚಕರ ಸಹಾಯ ಬೇಕಾಗುತ್ತದೆ? ಎಲ್ಲಿ ಸಿಗುತ್ತದೆ?

ತಿಂಗಳು ಕಳೆದರೂ ನಿದ್ರೆ, ಊಟ ಸರಿಹೋಗದಿದ್ದರೆ, ಕೆಲಸದ ಜಾಗಕ್ಕೆ ಕಾಲಿಡಲಾಗದಿದ್ದರೆ, ಕಂಡ ದೃಶ್ಯ ದಿನವೂ ಕಾಡುತ್ತಿದ್ದರೆ, ಕುಡಿತ ಹೆಚ್ಚಿದ್ದರೆ ಕಾಯಬಾರದು. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬಾರದು. ಆರು ತಿಂಗಳ ಮೇಲೂ ತೀವ್ರವಾದ ದುಃಖ ದಿನನಿತ್ಯದ ಬದುಕನ್ನೇ ತಡೆದು ನಿಲ್ಲಿಸಿದ್ದರೆ ಅದನ್ನು ಚಿಕಿತ್ಸೆ ಬೇಕಾದ ಸ್ಥಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿದೆ. ಈ ಹಿಂದೆ ತಮ್ಮ ಮನೆಯಲ್ಲೇ ಹಠಾತ್ ಸಾವು ಕಂಡವರಿಗೆ ಹಳೆಯ ಗಾಯ ಮತ್ತೆ ತೆರೆದುಕೊಳ್ಳುವುದರಿಂದ ಅವರತ್ತ ಹೆಚ್ಚು ಗಮನವಿರಲಿ.

ಟೆಲಿ ಮನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತನಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ರಾಷ್ಟ್ರೀಯ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶಕ ಸಂಸ್ಥೆಯಾಗಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ದೇಶದಾದ್ಯಂತ ಹರಡಿರುವ ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ಕಂಪನಿಯೇ ಏರ್ಪಡಿಸಿದ ಆಪ್ತಸಮಾಲೋಚನೆಗೆ ಹೋಗುವವರು, ಹೇಳಿದ್ದು ಮಾನವ ಸಂಪನ್ಮೂಲ ವಿಭಾಗಕ್ಕೆ ತಲುಪುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬಹುದು. ಕೇಳುವುದು ನಿಮ್ಮ ಹಕ್ಕು.

ಎಲ್ಲ ಮುಗಿದು ತಿಂಗಳುಗಳಾದವು. ಇನ್ನೂ ಏನಾದರೂ ಮಾಡುವುದಿದೆಯೇ?

ಇದೆ. ಮೊದಲ ಹದಿನೈದು ದಿನ ಮನೆ ತುಂಬ ಜನರಿರುತ್ತಾರೆ. ಆರನೆಯ ತಿಂಗಳಿನಲ್ಲಿ ಫೋನು ಮಾಡುವವರೂ ಇರುವುದಿಲ್ಲ, ಮತ್ತು ಪಿಂಚಣಿಯ ಅರ್ಜಿ ಯಾವುದೋ ಆಕ್ಷೇಪಣೆಯೊಂದಿಗೆ ವಾಪಸು ಬಂದಿರುವುದು ಹೆಚ್ಚಾಗಿ ಆಗಲೇ. ಕಾಗದಪತ್ರಕ್ಕೆ ನೇಮಕವಾದವರು ಮೂರನೆಯ, ಆರನೆಯ, ಹತ್ತನೆಯ ತಿಂಗಳಿನಲ್ಲಿ ಒಮ್ಮೊಮ್ಮೆ ಕರೆ ಮಾಡಿ, ಪಿಎಫ್ ಬಂತೇ, ವಿಮೆ ಬಂತೇ, ಪಿಂಚಣಿ ಶುರುವಾಯಿತೇ ಎಂದು ಒಂದೊಂದಾಗಿ ಕೇಳಬೇಕು. ರಾಜ್ಯ ಸರ್ಕಾರಿ ನೌಕರರ ಕುಟುಂಬವಾದರೆ ಹತ್ತನೆಯ ತಿಂಗಳ ಆ ಕರೆ ಎಲ್ಲಕ್ಕಿಂತ ಮುಖ್ಯ. 1996ರ ನಿಯಮಗಳ ಪ್ರಕಾರ ಅನುಕಂಪದ ನೇಮಕಾತಿಗೆ ಮರಣದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಎಷ್ಟೋ ಮನೆಗಳಲ್ಲಿ ಆ ವಿಷಯ ಮೊದಲು ಪ್ರಸ್ತಾಪವಾಗುವುದು ವರ್ಷದ ತಿಥಿಗೆ ನೆಂಟರೆಲ್ಲ ಸೇರಿದಾಗ, ಅಷ್ಟರಲ್ಲಿ ಅವಧಿ ಮೀರಿರುತ್ತದೆ.